ಉಂಗುರಬೆರಳಿನ ಬೇನೆ

ಚಿಕ್ಕೋಡಿಗೆ ಹೋಗುವ ಬಸ್ಸು ಭೋಜ ಊರಿಗೆ ಬರುವುದು ಎಂಟೂವರೆಗೆ. ಸಕ್ಕುಬಾಯಿ ಎಂಟಕ್ಕೇ ಬಂದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು. ಮಗ ನಾಮದೇವ ಡೈರಿಗೆ ಹಾಲು ಹಾಕಿ ಅಲ್ಲಿಂದಲೇ ಬರುವವನಿದ್ದ. ಸೊಸೆ ಭಾಗ್ಯಾ ನಾಲ್ಕು ವರ್ಷದ ಮಗಳು ಕಾಂಚನಳನ್ನು ಪಕ್ಕದ ಮನೆಯ ಲಕ್ಷ್ಮಿಬಾಯಿಯ ಹತ್ತಿರ ಬಿಟ್ಟು ಬಂದು, ಅತ್ತೆಯಿಂದ ಒಂದು ಮಾರು ದೂರ ನಿಂತಿದ್ದಳು. ಕಾರ್ತಿಕದ ಮುಂಜಾನೆಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಎಡಗೈಯನ್ನು ಸೆರಗಿನಲ್ಲಿ ಎರಡು ಸುತ್ತು ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ನೋಡಿದವರು ಕೈ ಮುರಿದಿದೆ ಅನ್ನಬೇಕು, ಹಾಗೆ.

ಮುರಿದಿದ್ದರೆ ಇಷ್ಟು ರಾಮಾಯಣ ಆಗುತ್ತಿರಲಿಲ್ಲ. ಮುರಿದದ್ದು ಕಾಣುತ್ತದೆ. ಭಾಗ್ಯಾಳಿಗೆ ನೋಯುತ್ತಿದ್ದದ್ದು ಎಡಗೈಯ ಉಂಗುರಬೆರಳಿನ ತುದಿ, ಅದೂ ಉಗುರಿನ ಕೆಳಗೆ ಎಲ್ಲೋ ಒಂದು ಕಡೆ. ಮೂರು ವರ್ಷದಿಂದ ನೋಯುತ್ತಿತ್ತು. ಮೊದಮೊದಲು ಎಲ್ಲರೂ ಉಗುರುಸುತ್ತು ಅಂದುಕೊಂಡರು. ಸಕ್ಕುಬಾಯಿಯೇ ಒಂದು ನಿಂಬೆಹಣ್ಣಿಗೆ ತೂತು ಕೊರೆದು, ಒಳಗೆ ಚಿಟಿಕೆ ಅರಿಷಿಣ ತುಂಬಿ, ಬೆರಳಿಗೆ ಟೋಪಿಯಂತೆ ತೊಡಿಸಿದ್ದಳು. ಉಗುರುಸುತ್ತು ಆಗಿದ್ದರೆ ಮೂರು ನಾಲ್ಕು ದಿನಕ್ಕೆ ಹಣ್ಣಾಗಿ ಒಡೆಯಬೇಕಿತ್ತು. ಇದು ಕೆಂಪಾಗಲಿಲ್ಲ, ಬಾತುಕೊಳ್ಳಲಿಲ್ಲ, ಕೀವು ಹಿಡಿಯಲಿಲ್ಲ. ನಾಲ್ಕು ನಿಂಬೆಹಣ್ಣು ಒಣಗಿ ಹೋದವು. ಬೆರಳು ಹೆಂಗಿತ್ತೋ ಹಂಗೇ ಇತ್ತು, ಬೇನೆಯೂ ಹಂಗೇ ಇತ್ತು. ಊರ ಡಾಕ್ಟರು ಗುಳಿಗೆ ಕೊಟ್ಟರು. ನಿಪ್ಪಾಣಿಯಲ್ಲಿ ಎಕ್ಸ್‌ರೇ ತೆಗೆಸಿದರು. ಎಲುಬು ಕನ್ನಡಿಯಂತೆ ಛಲೋ ಇದೆ ಅಂದು ಅಲ್ಲಿನ ಡಾಕ್ಟರು ನಕ್ಕು ಕಳಿಸಿದರು.

ಅಲ್ಲಿಗೆ ಸಕ್ಕುಬಾಯಿ ತನ್ನ ಮನಸ್ಸಿನಲ್ಲಿ ಒಂದು ತೀರ್ಪು ಕೊಟ್ಟುಬಿಟ್ಟಳು. ಅದನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೂ ಆಗುತ್ತಿತ್ತು. ನಳದ ಹತ್ತಿರ ಲಕ್ಷ್ಮಿಬಾಯಿಯ ಮುಂದೆ ಆಡಿದಳು.

“ಬ್ಯಾಸಗ್ಯಾಗ ಆರಾಮ ಇರೂ ಬೆರಳ, ಥಂಡಿ ಬಿತ್ತಂದ್ರ ನೋಯಾಕ ಸುರು. ಒಲಿ ಮುಂದ ಕುಂತ್ರ ಏನೂ ಇಲ್ಲ, ಭಾಂಡೆ ತಿಕ್ಕಾಕ ಕುಂತ್ರ ಜೀವ ಹೋಗ್ತೈತಿ. ಇಂಥಾ ಶಾಣ್ಯಾ ಬ್ಯಾನಿ ನೀ ಎಲ್ಲ್ಯಾರ ನೋಡೀದಿ ಏನ ಲಕ್ಷ್ಮೀ?”

“ಶಾಣ್ಯಾ ಅಲ್ಲವಾ ಅದು, ಕಾಲೇಜ ಕಲತ ಬ್ಯಾನಿ,” ಅಂದು ಲಕ್ಷ್ಮಿಬಾಯಿ ಕೊಡ ಎತ್ತಿದಳು.

ಜಾಣ ಬೇನೆ ಎಂಬ ಆ ಮಾತು ಓಣಿಗೆ ಅಂಟಿತು. ಭಾಗ್ಯಾ ನೀರಿಗೆ ಬಂದರೆ ಹೆಂಗಸರು, “ಶಾಣ್ಯಾ ಬ್ಯಾನಿ ಹೆಂಗೈತ ಭಾಗ್ಯಾ ಇವತ್ತ?” ಎಂದು ಕೇಳತೊಡಗಿದರು. ಭಾಗ್ಯಾ ಉತ್ತರ ಕೊಡುವವಳಲ್ಲ. ಆ ಒಂದು ಬೆರಳನ್ನು ಎತ್ತಿ ಹಿಡಿದು ಉಳಿದವುಗಳಿಂದ ರೊಟ್ಟಿ ಬಡಿಯುತ್ತಿದ್ದಳು, ಹಾಗೆಯೇ ನಾಲ್ಕು ಎಮ್ಮೆಗಳ ಹಾಲು ಹಿಂಡುತ್ತಿದ್ದಳು. ಅದು ಸಕ್ಕುಬಾಯಿಗೆ ಇನ್ನಷ್ಟು ಸೋಗಾಗಿ ಕಂಡಿತ್ತು.

ಈ ವರ್ಷದ ಹೋಳಿ ಮುಗಿದು ನಾಲ್ಕು ದಿನಕ್ಕೆ ಒಂದು ಮಧ್ಯಾಹ್ನ ನಡೆದದ್ದು ಬೇರೆ ಸಂಗತಿ. ಅದು ಸಕ್ಕುಬಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಭಾಗ್ಯಾ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿ ಗಾಢ ನಿದ್ದೆ ಹೋಗಿದ್ದಳು. ಎಡಗೈ ಕೌದಿಯಿಂದ ಹೊರಗೆ, ನೆಲದ ಮೇಲೆ ಅಂಗಾತ ಬಿದ್ದಿತ್ತು. ಸಕ್ಕುಬಾಯಿ ಮಣ್ಣಿನ ಹರವಿಯಿಂದ ತಂಬಿಗೆಯಲ್ಲಿ ನೀರು ತುಂಬಿಕೊಂಡು ಕುಡಿಯುತ್ತಿದ್ದಳು. ತಂಬಿಗೆ ಕೈಗೆ ತಣ್ಣಗೆ ಹತ್ತಿತು. ಎಚ್ಚರ ಇದ್ದಾಗ ಯಾರಾದರೂ ಸೋಗು ಹಾಕಬಹುದು, ನಿದ್ದೆಯಲ್ಲಿ ಹೆಂಗೆ ಹಾಕುತ್ತಾಳೆ ನೋಡೇಬಿಡೋಣ ಅನ್ನಿಸಿತು. ಸದ್ದಾಗದಂತೆ ಕುಕ್ಕರಗಾಲಿನಲ್ಲಿ ಕೂತು ತಂಬಿಗೆಯ ತಳವನ್ನು ಸೊಸೆಯ ಹೆಬ್ಬೆಟ್ಟಿಗೆ ಮುಟ್ಟಿಸಿದಳು. ಏನೂ ಆಗಲಿಲ್ಲ. ತೋರುಬೆರಳಿಗೆ ಮುಟ್ಟಿಸಿದಳು. ಬೆರಳು ಒಂದಿಷ್ಟು ಅಲುಗಿತು, ಅಷ್ಟೆ. ನಡುಬೆರಳಿಗೂ ಅಷ್ಟೆ. ಉಂಗುರಬೆರಳಿನ ತುದಿಗೆ ತಾಗಿದ್ದೇ ತಡ, ಭಾಗ್ಯಾ ಚೀರಿಕೊಂಡು ಎದ್ದು ಕೂತಳು. ಕೊಟ್ಟಿಗೆಯ ಎಮ್ಮೆಗಳು ಮೇವು ಬಿಟ್ಟು ತಲೆ ಎತ್ತಿದವು. ಬೆರಳನ್ನು ಬಾಯಲ್ಲಿ ಇಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, “ಏನೋ ಕಡೀತ್ರಿ ಅತ್ತಿ!” ಅಂದಳು.

“ಕೆಂಜಗ ಇದ್ದೀತು. ಸೀರಿ ಝಾಡಸ,” ಅಂದು ಸಕ್ಕುಬಾಯಿ ತಂಬಿಗೆ ಹಿಡಿದುಕೊಂಡು ಒಳಗೆ ಹೋದಳು.

ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬೇನೆ ಖರೆ ಎಂದು ಅವತ್ತೇ ಗೊತ್ತಾಯಿತು. ಆದರೆ ಅದನ್ನು ಹೇಳಬೇಕಾದರೆ ಮಲಗಿದವಳ ಬೆರಳು ಕೆಣಕಿದ್ದನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಮರುದಿನದಿಂದ ಭಾಂಡೆ ತೊಳೆಯುವ ನೀರನ್ನು ಒಲೆಯ ಮೇಲೆ ಇಡತೊಡಗಿದಳು. ಯಾಕೆಂದು ನಾಮದೇವ ಕೇಳಿದ್ದಕ್ಕೆ “ನನ್ನ ಕೈಗೆ ವಾತ ಬಂದೈತಿ” ಎಂದಳು. ನಳದ ಹತ್ತಿರ ತಾನಾಗಿ ಆ ಮಾತು ತೆಗೆಯುವುದನ್ನು ಬಿಟ್ಟಳು. ಬೇರೆಯವರು ತೆಗೆದರೆ ಮಾತ್ರ ಸುಮ್ಮನೆ ನಕ್ಕುಬಿಡುತ್ತಿದ್ದಳು.

ದೀಪಾವಳಿಗೆ ಮೊದಲು ಒಂದು ಮುಂಜಾನೆ ಭಾಗ್ಯಾ ಡೈರಿಗೆ ಹೊರಟ ಹಾಲಿನ ಕ್ಯಾನು ಎತ್ತಿಕೊಡುವಾಗ ಬೆರಳು ಕ್ಯಾನಿನ ಅಂಚಿಗೆ ತಾಗಿತು. ಕೈ ಬಿಟ್ಟುಹೋಯಿತು. ಹಾಲೆಲ್ಲ ಓಣಿಯ ಗಟಾರಕ್ಕೆ ಹರಿಯಿತು. ನಾಮದೇವ ಬೈಯುವ ಮನುಷ್ಯನಲ್ಲ. ಅವತ್ತು ಓಣಿ ಕೇಳುವಂತೆ ಬೈದ. ಸಿಟ್ಟಿನಲ್ಲಿ ಅವ್ವನಿಗೆ, “ಮಾಳೇಶಗ ಫೋನ ಹಚ್ಚ, ಅಂವನ ತಂಗಿ ಹೆಂಗ ಬಾಳುವೆ ಮಾಡ್ತಾಳ ಹೇಳ,” ಅಂದ. ಮಾಳೇಶ ಭಾಗ್ಯಾಳ ಅಣ್ಣ, ಕೊಕಟನೂರಿನಲ್ಲಿ ಇರುತ್ತಾನೆ. ಮಗನ ಎದುರಿಗೆ ಫೋನು ಹಿಡಿದ ಸಕ್ಕುಬಾಯಿಗೆ ಬೇರೆ ಏನೂ ಬಾಯಿಗೆ ಬರಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ನಿನ್ನ ತಂಗಿ ಬೆರಳಿನ ನೆಪ ಹೇಳುತ್ತಾಳೆ ಎಂದು ಹಳೆಯದನ್ನೇ ಒದರಿದಳು.

ಅದರ ಮರುದಿನ ಆಕೆಯೇ ಊರ ಡಾಕ್ಟರ ಹತ್ತಿರ ಹೋಗಿ ಕೂತು, ಸ್ಕ್ಯಾನಿಂಗಿಗೆ ಚೀಟಿ ಬರೆಸಿಕೊಂಡು ಬಂದಳು. ನಾಮದೇವ ಚೀಟಿ ಓದಿ, ಮಡಚಿ ಕಿಸೆಗೆ ಹಾಕಿಕೊಂಡ.

“ಆತು, ಹೋಗೋಣು. ಇದು ಕಡೀದು. ಇದರಾಗೂ ಏನೂ ಇಲ್ಲ ಅಂದ್ರ ಮಾಳೇಶ ಬಂದ ಕರಕೊಂಡ ಹೋಗಲಿ. ಆರಾಮ ಅನಿಸಿದಾಗ ಅಕಿ ಬರಲಿ, ಇಲ್ಲಾಂದ್ರ ಅಲ್ಲೇ ಇರಲಿ. ನನಗೂ ಸಾಕಾಗೈತಿ.”

ಭಾಗ್ಯಾ ಅದನ್ನು ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಿದ್ದಳು.

ಬಸ್ಸು ಬಂತು. ನಾಮದೇವನೂ ಓಡುತ್ತ ಬಂದು ಹತ್ತಿದ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು ಬಸ್ಸು ನಿಧಾನ ಹೋಗುತ್ತಿತ್ತು. ಮುಂದಿನ ಸೀಟಿನಲ್ಲಿ ಗಂಡಹೆಂಡತಿ, ಹಿಂದಿನ ಸೀಟಿನಲ್ಲಿ ಸಕ್ಕುಬಾಯಿ. ಮಗ ತಿಳಿಸಿ ಹೇಳುವುದು ಆಕೆಗೆ ಕೇಳುತ್ತಿತ್ತು.

“ನೋಡ, ಬೆರಳ ಅಂತ ಅನಬ್ಯಾಡ. ನಿಪ್ಪಾಣ್ಯಾಗ ಬೆರಳ ಅಂದಿದ್ದಕ್ಕ ಹೆಂಗ ನಕ್ಕಾ ನೋಡಿದಿಲ್ಲ? ಇಡೀ ಕೈ ಜಗ್ತೈತಿ, ಮಣಿಕಟ್ಟ ಮಟಾ ಬರ್ತೈತಿ ಅನ್ನು. ಅಂದ್ರ ಛಂದಂಗಿ ನೋಡ್ತಾರ.”

“ಮಣಿಕಟ್ಟಿಗೆ ಏನೂ ಆಗಿಲ್ಲಲ್ಲರಿ.”

“ಆಗಿಲ್ಲ ಅಂತ ನನಗೂ ಗೊತ್ತೈತಿ. ಒಂದ ಬೆರಳಿಗೆ ಯಾರ ಅಷ್ಟ ದೊಡ್ಡ ಮಶೀನ ಚಾಲೂ ಮಾಡ್ತಾರ? ನಾ ಹೇಳಿದಂಗ ಅನ್ನು.”

“ಹೂಂ,” ಅಂದಳು ಭಾಗ್ಯಾ.

ಸಕ್ಕುಬಾಯಿಗೂ ಆ ಮಾತು ಸರಿ ಅನ್ನಿಸಿತು. ದೊಡ್ಡದು ಹೇಳಿದರೇ ದೊಡ್ಡವರು ನೋಡುವುದು.

ಚಿಕ್ಕೋಡಿಯಲ್ಲಿ ಸ್ಕ್ಯಾನಿಂಗ್ ಸೆಂಟರು ಒಂದು ಕಟ್ಟಡದ ಮೇಲಿನ ಮಜಲಿನಲ್ಲಿತ್ತು. ಮೆಟ್ಟಿಲ ತಲೆಯಲ್ಲಿ, ಇಲ್ಲಿ ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಹೇಳುವುದಿಲ್ಲ ಎಂದು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡ ಬೋರ್ಡು. ಒಳಗೆ ಬೆಂಚುಗಳ ತುಂಬ ಬಸುರಿಯರು ನೀರಿನ ಬಾಟಲಿ ಹಿಡಿದು ಕೂತಿದ್ದರು. ಹೆಸರು ಬರೆದುಕೊಳ್ಳುವ ಹುಡುಗಿ ತಲೆ ಎತ್ತದೆ ಭಾಗ್ಯಾಳ ಹೆಸರು, ಊರು ಬರೆದು, “ಎಷ್ಟ ತಿಂಗಳ?” ಎಂದು ಕೇಳಿದಳು.

“ತಿಂಗಳ ಎಲ್ಲೀವ ತಂಗಿ,” ಅಂದಳು ಸಕ್ಕುಬಾಯಿ, “ಮೂರ ವರ್ಷಾತು.”

ಹುಡುಗಿ ಪೆನ್ನು ನಿಲ್ಲಿಸಿ ಭಾಗ್ಯಾಳ ಹೊಟ್ಟೆ ನೋಡಿದಳು. ಬೆಂಚಿನ ಮೇಲಿದ್ದ ಒಬ್ಬ ಬಸುರಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಯಕ್ಕಾ, ನನಗ ಒಂಬತ್ತರಾಗ ಸಾಕಾಗೈತಿ, ನೀ ಹೆಂಗ ತಡಕೊಂಡೀಯ?” ಅಂದಳು. ಎಲ್ಲರೂ ನಕ್ಕರು. ಭಾಗ್ಯಾಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಕೆ ನಕ್ಕದ್ದನ್ನು ನೋಡಿ ಎಷ್ಟು ದಿನವಾಯಿತು ಎಂದು ಸಕ್ಕುಬಾಯಿ ನೆನೆಸಿದಳು, ನೆನಪಾಗಲಿಲ್ಲ.

ಒಂದು ತಾಸಿಗೆ ಕೂಗು ಬಂತು. ಡಾಕ್ಟರ್ ತ್ರಿಶಲಾ ನಲವತ್ತರ ಆಸುಪಾಸಿನ ಹೆಂಗಸು, ಅಥಣಿ ಕಡೆಯ ಮಾತು. ಕತ್ತಲು ಮಾಡಿದ ಕೋಣೆಯಲ್ಲಿ ಮಶೀನಿನ ಬೆಳಕಿನಲ್ಲೇ ಚೀಟಿ ಓದಿದರು.

“ಕೈ ಅಂತ ಬರದಾರ. ಎಲ್ಲಿ ನೋಯ್ತೈತಿ?”

ಭಾಗ್ಯಾ ಬಾಯಿ ತೆರೆಯುವುದರೊಳಗೆ ನಾಮದೇವ, “ಇಡೀ ಕೈ ಜಗ್ತೈತ್ರಿ ಬಾಯಾರ, ಮಣಿಕಟ್ಟ ಮಟಾ,” ಅಂದ.

“ಹೌದಾ ಭಾಗ್ಯಾ?”

“ಹೌದ್ರಿ.”

ಡಾಕ್ಟರು ಮಣಿಕಟ್ಟಿನ ಮೇಲೆ ತಿಳಿ ಗಂಜಿಯಂಥ ಜೆಲ್ ಹಚ್ಚಿ, ಇಸ್ತ್ರಿಪೆಟ್ಟಿಗೆಯ ಮೊಮ್ಮಗನಂತಿದ್ದ ಒಂದು ಸಾಧನವನ್ನು ಅದರ ಮೇಲೆ ಆಡಿಸಿದರು. ಪರದೆಯ ಮೇಲೆ ಬೂದು ಬಣ್ಣದ ಪದರು ಪದರು ಸರಿಯಿತು. ಮಣಿಕಟ್ಟು ನೋಡಿದರು, ಅಂಗೈ ನೋಡಿದರು, ಬೆರಳಿನ ಬುಡದವರೆಗೆ ನೋಡಿದರು, ಮುಂಗೈ ತಿರುಗಿಸಿ ನೋಡಿದರು. ಬೆರಳು ಮಡಚು, ಬಿಡಿಸು ಅಂದರು. ಅವಸರ ಮಾಡಲಿಲ್ಲ. ಭಾಗ್ಯಾ ಕಣ್ಣು ಮುಚ್ಚಿಕೊಂಡು ಮಲಗಿದ್ದಳು.

“ಗಂಟ ಗಿಂಟ ಏನೂ ಇಲ್ಲ. ನರ ಛಲೋ ಅದಾವ, ನೀರಿನ ಗುಳ್ಳಿ ಇಲ್ಲ, ಬಾವ ಇಲ್ಲ. ಎಲ್ಲಾ ಬರೋಬ್ಬರಿ ಐತಿ,” ಎಂದು ಡಾಕ್ಟರು ಒರೆಸಿಕೊಳ್ಳಲು ಕಾಗದ ಕೊಟ್ಟರು. “ಖುಷಿ ಪಡ್ರಿ.”

ಯಾರೂ ಖುಷಿ ಪಡಲಿಲ್ಲ. ಭಾಗ್ಯಾ ಕೈ ಒರೆಸಿಕೊಳ್ಳುತ್ತ ಗೋಡೆ ನೋಡುತ್ತಿದ್ದಳು. ನಾಮದೇವ “ಆತು ಬಿಡ್ರಿ” ಎಂದು ಫೋನು ತೆಗೆದ. ಫೋನಿನ ಬೆಳಕಿನಲ್ಲಿ ಮಾಳೇಶನ ಹೆಸರು ಹುಡುಕುವುದು ಸಕ್ಕುಬಾಯಿಗೆ ಕಂಡಿತು. ಓದಲು ಬಾರದಿದ್ದರೂ ಆ ಹೆಸರಿನ ಪಕ್ಕದ ಎತ್ತಿನ ಚಿತ್ರ ಆಕೆಗೆ ಗೊತ್ತಿತ್ತು. ರಿಂಗು ಹೋಗಿ ಹೋಗಿ ನಿಂತಿತು, ಆತ ಎತ್ತಲಿಲ್ಲ.

“ಬಾಯಾರ,” ಅಂದಳು ಸಕ್ಕುಬಾಯಿ, “ಇನ್ನೊಮ್ಮಿ ಹಚ್ಚ್ರಿ.”

“ಎಲ್ಲಿ ಆಯಿ?”

“ಉಂಗುರಬೆರಳಿಗೆ. ಉಗುರಿನ ಮ್ಯಾಲ.”

“ಅಲ್ಲಿ ನೋಯ್ತೈತಿ ಅಂತ ಅವರ್ಯಾರೂ ಹೇಳಲಿಲ್ಲಲ್ಲ?”

“ಹೇಳಂಗಿಲ್ಲ ಅಂತ ಬಸ್ಸಿನ್ಯಾಗ ಮಾತಾಗಿತ್ತು. ಕೈ ಅಲ್ಲರಿ, ಅದೊಂದ ಬೆರಳ. ನಾ ನೋಡೇನಿ.”

“ಅವ್ವಾ, ನಡಿ ಸಾಕು,” ಅಂದ ನಾಮದೇವ. “ಹೊರಗ ಮಂದಿ ಕುಂತಾರ.”

“ನೀ ಸುಮ್ಮನಿರಲೇ,” ಅಂದಳು ಸಕ್ಕುಬಾಯಿ. ಆಮೇಲೆ ಡಾಕ್ಟರ ಕಡೆಗೇ ನೋಡುತ್ತ, ಬೇರೆ ಯಾರ ಕಡೆಗೂ ನೋಡದೆ, ಹೇಳಿದಳು. “ಅಕಿ ಮಲಗಿದ್ದಳ್ರಿ. ನಿದ್ದ್ಯಾಗ. ನಾ ಥಂಡ ತಂಬಗಿ ಬೆರಳಿಗೆ ಮುಟ್ಟಿಸಿ ನೋಡಿದ್ನಿ. ಸೋಗ ಐತೇನ ಅಂತ. ಹೆಬ್ಬಟ್ಟಿಗೆ ಏಳಲಿಲ್ಲ, ಇದಕ್ಕ ಏಳಲಿಲ್ಲ, ಇದಕ್ಕೂ ಏಳಲಿಲ್ಲ.” ತನ್ನ ಬೆರಳುಗಳನ್ನೇ ಒಂದೊಂದಾಗಿ ಹಿಡಿದು ತೋರಿಸಿದಳು. “ಇದಕ್ಕ ಮುಟ್ಟಿಸಿದ ಕೂಡ್ಲೇ ಚೀರಿ ಎದ್ದಳ್ರಿ. ನಿದ್ದ್ಯಾಗ ಯಾರ ಸುಳ್ಳ ಹೇಳ್ತಾರ?”

ಭಾಗ್ಯಾ ಅತ್ತೆಯನ್ನು ನೋಡಿದಳು. ಸಕ್ಕುಬಾಯಿ ತಿರುಗಿ ನೋಡಲಿಲ್ಲ.

ಡಾಕ್ಟರು ಎದ್ದರು. ಮೇಲಿನ ದೀಪ ಹಾಕಿ ಭಾಗ್ಯಾಳ ಬೆರಳನ್ನು ಬೆಳಕಿಗೆ ಹಿಡಿದರು. ಉಗುರಿನ ಬುಡದಲ್ಲಿ, ಹುಡುಕಿದರೆ ಕಾಣುವಷ್ಟು, ಒಂದಿಷ್ಟು ನೀಲಿ ಛಾಯೆ.

“ಥಂಡ ನೀರಿನ್ಯಾಗ ಜಾಸ್ತಿ ಆಗ್ತೈತೇನ?”

“ಹೌದ್ರಿ. ಜೀವ ಹೋದಂಗ ಆಗ್ತೈತಿ.”

“ಬಿಸಿನೀರಿಗೆ?”

“ಕಡಿಮಿ ಆಗ್ತೈತ್ರಿ. ಆದ್ರ ಅಷ್ಟ ಹೇಳಿದ್ರ...” ಭಾಗ್ಯಾ ಮಾತು ಅಲ್ಲಿಗೇ ಬಿಟ್ಟಳು.

ಡಾಕ್ಟರು ಪೆನ್ನಿನ ತುದಿಯಿಂದ ಉಗುರಿನ ಮೇಲೆ ಹಗುರಾಗಿ ಒಂದು ಕಡೆ ಒತ್ತಿದರು, ಅದರ ಪಕ್ಕ ಒತ್ತಿದರು. ಮೂರನೆಯ ಸಲಕ್ಕೆ ಭಾಗ್ಯಾ ಕೈ ಕಸಿದುಕೊಂಡಳು. “ಹೂಂ,” ಅಂದರು ಡಾಕ್ಟರು. ಬೆರಳ ತುದಿಗೆ ಜೆಲ್ ಹಚ್ಚುವಾಗಲೂ ಭಾಗ್ಯಾ ಹಲ್ಲು ಕಚ್ಚಿ ಹಿಡಿದಳು, ಅದು ತಣ್ಣಗಿತ್ತು. ಈ ಸಲ ಜೆಲ್ಲನ್ನು ಬೆಣ್ಣೆಯ ಮುದ್ದೆಯಂತೆ ದಪ್ಪ ಇಟ್ಟು, ಸಾಧನ ಉಗುರಿಗೆ ತಾಗಿಯೂ ತಾಗದಂತೆ ಹಿಡಿದರು.

“ಒತ್ತಿದ್ರ ಒಳಗಿನ ರಕ್ತ ಸರದ ಹೋಗ್ತೈತಿ, ಆಮ್ಯಾಲ ಏನೂ ಕಾಣಂಗಿಲ್ಲ. ಅಲ್ಲಾಡಬ್ಯಾಡ ಭಾಗ್ಯಾ. ಆಯಿ, ಇಲ್ಲಿ ಬರ್ರಿ. ನೀವ ಹೇಳೀರಿ, ನೀವ ನೋಡ್ರಿ.”

ಸಕ್ಕುಬಾಯಿ ಮುಂದೆ ಹೋದಳು.

“ಈ ಬಿಳೀ ಗೆರಿ ಉಗುರು. ಈ ಕೆಳಗಿನ ಬಿಳೀ ಗೆರಿ ಎಲುಬು. ನಡುವ ಇದು ಕರ್ರಗ, ದುಂಡಗ ಕಾಣತೈತಿಲ್ಲ?”

ಜೋಳದ ಕಾಳಿನಷ್ಟಿತ್ತು. ಅದರ ಕೆಳಗೆ ಎಲುಬಿನ ಗೆರೆ ಒಂದಿಷ್ಟು ತಗ್ಗಾಗಿತ್ತು, ಕಾಳು ಕೂತು ಕೂತು ಜಾಗ ಮಾಡಿಕೊಂಡ ಹಾಗೆ. ಡಾಕ್ಟರು ಒಂದು ಗುಂಡಿ ಒತ್ತಿದರು. ಕಾಳಿನ ತುಂಬ ಕೆಂಪು ಬಣ್ಣ ಮಿಣುಕತೊಡಗಿತು, ಬೆಂಕಿಯ ಕಿಡಿಯನ್ನು ಯಾರೋ ಊದುತ್ತಿದ್ದಂತೆ.

“ಅದು ರಕ್ತ ಹರಿಯೂದು. ಇಷ್ಟ ಸಣ್ಣ ಗಂಟಿಗೆ ಇಷ್ಟ ರಕ್ತ ಬರ್ತೈತಿ. ಗ್ಲೋಮಸ್ ಗಂಟು ಅಂತಾರ ಇದಕ್ಕ. ಬೆರಳ ತುದ್ಯಾಗ ಥಂಡಿ ಬಿಸಿಗೆ ತಕ್ಕಂಗ ರಕ್ತ ಹೆಚ್ಚು ಕಡಿಮಿ ಮಾಡೂ ಸಣ್ಣ ಸಣ್ಣ ಗಂಟ ಎಲ್ಲಾರಿಗೂ ಇರ್ತಾವ. ಅದರಾಗ ಒಂದ ಬೆಳದ್ರ ಹಿಂಗ ಆಗ್ತೈತಿ.”

“ಕ್ಯಾನ್ಸರ್ ಏನ್ರಿ?” ನಾಮದೇವನ ದನಿ ಸಣ್ಣಗಾಗಿತ್ತು.

“ಅಲ್ಲ. ಕೆಟ್ಟ ಗಂಟ ಕಂಡಂಗ ಇಲ್ಲ. ತಗದ ಮ್ಯಾಲ ತಪಾಸಣಿಗೆ ಕಳಸ್ತಾರ, ಆವಾಗ ಪಕ್ಕಾ ಆಗ್ತೈತಿ. ಮಿರಜಿಗೆ ಇಲ್ಲಾ ಬೆಳಗಾವಿಗೆ ಹೋಗ್ರಿ. ಬೆರಳಿಗಷ್ಟ ಸೂಜಿ ಮಾಡಿ, ಉಗುರ ಎತ್ತಿ ತಗೀತಾರ. ಪೂರಾ ತಗದ್ರಂದ್ರ ಬ್ಯಾನಿ ಹೋಗ್ತೈತಿ. ಉಗುರು ಮತ್ತ ಬರಾಕ ಐದಾರ ತಿಂಗಳ ಹಿಡೀತೈತಿ, ಅಷ್ಟ.” ಆಮೇಲೆ ನಾಮದೇವನ ಕಡೆ ತಿರುಗಿ, “ಇನ್ನೊಮ್ಮಿ ಎಲ್ಲಿ ನೋಯ್ತೈತಿ ಅಂತ ಅಕಿನ್ನ ಹೇಳಾಕ ಬಿಡ್ರಿ. ನಾ ಏನೂ ಇಲ್ಲ ಅಂತ ಬರದ ಕೊಡವಾಕಿ ಇದ್ನಿ,” ಅಂದರು.

ನಾಮದೇವ ತಲೆ ತಗ್ಗಿಸಿದ. ಭಾಗ್ಯಾ ಪರದೆಯಿಂದ ಕಣ್ಣು ತೆಗೆದಿರಲಿಲ್ಲ. ಕೆಂಪು ಮಿಣುಕು ಆರಿದ ಮೇಲೂ ಅಲ್ಲಿಯೇ ನೋಡುತ್ತಿದ್ದಳು.

ರಿಪೋರ್ಟು ಕೈಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಬಸ್‌ಸ್ಟ್ಯಾಂಡಿನಲ್ಲಿ ನಾಮದೇವ ಮೂರು ಕಪ್ ಚಹಾ ತಂದ. ಹೆಂಡತಿಗೆ ಬಿಸಿ ಕಪ್ ಕೊಡುವಾಗ, “ಎರಡೂ ಕೈಲೇ ಹಿಡಿ,” ಅಂದ. ಅದಕ್ಕಿಂತ ಹೆಚ್ಚಿನದು ಅವನಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಭಾಗ್ಯಾ ಚಹಾ ಕುಡಿದು ಮುಗಿಸಿದಳು.

“ಅತ್ತಿ, ಅದು ಯಾವಾಗ್ರಿ?”

ಸಕ್ಕುಬಾಯಿಗೆ ತಿಳಿಯಿತು. “ಹೋಳಿ ಆಗಿ ನಾಕ ದಿನಕ್ಕ.”

“ಕೆಂಜಗ ಅಂದ್ರಿ.”

“ಹೂಂ.”

“ಈಗ ಕಾರ್ತೀಕ.” ಭಾಗ್ಯಾ ಬೆರಳು ಮಡಚಿ ತಿಂಗಳು ಎಣಿಸಲಿಲ್ಲ, ಸುಮ್ಮನೆ ಹೇಳಿದಳು. “ಅಷ್ಟೂ ದಿನ ಗೊತ್ತಿತ್ತು ನಿಮಗ.”

“ನೀರ ಕಾಸಿ ಇಡ್ತಿದ್ನಲ್ಲವಾ...”

“ನಿಮ್ಮ ವಾತಕ್ಕ ಅಂತ ಇಡ್ತಿದ್ರಿ. ನನಗಂತ ಇಟ್ಟೇನಿ ಅಂತ ಒಂದ ದಿನಾರ ಅಂದ್ರೇನ್ರಿ?”

ಸಕ್ಕುಬಾಯಿ ಖಾಲಿ ಕಪ್ ಕೆಳಗಿಟ್ಟಳು. ಅಷ್ಟರಲ್ಲಿ ನಾಮದೇವನ ಫೋನು ರಿಂಗಾಯಿತು. ಮಾಳೇಶ ತಿರುಗಿ ಹಚ್ಚಿದ್ದ. ನಾಮದೇವ ಹೆಸರು ನೋಡಿ ಫೋನು ಎತ್ತದೆ ಕೈಯಲ್ಲೇ ಹಿಡಿದುಕೊಂಡ. ಭಾಗ್ಯಾ ಅವನ ಕೈಯಿಂದ ಫೋನು ತೆಗೆದುಕೊಂಡು, ಗುಂಡಿ ಒತ್ತಿ, ಅತ್ತೆಯ ಮುಂದೆ ಹಿಡಿದಳು.

“ನೀವ ಹೇಳ್ರಿ. ಆವತ್ತ ನೀವ ಹೇಳಿದ್ರಿ.”

ಸಕ್ಕುಬಾಯಿ ಫೋನು ಹಿಡಿದಳು. “ಮಾಳೇಶಾ, ಆರಾಮ ಇದ್ದೀಪಾ? ಕಬ್ಬ ಹೋತೇನ ಕಾರ್ಖಾನಿಗೆ?”

“ಇನ್ನೂ ಇಲ್ಲರಿ ಅತ್ತೇರ. ಕಬ್ಬ ಕಡಿಯೂ ಟೋಳಿ ಬಂದಿಲ್ಲ. ಏನಾತ್ರಿ? ಭಾಗ್ಯಾ ಎಲ್ಲಿ ಅದಾಳ?”

“ಇಲ್ಲೇ ಅದಾಳ. ಎಮ್ಮಿ ಈತೇನ?”

“ಈತರಿ. ಅತ್ತೇರ, ಏನಾತ ಹೇಳ್ರಿ.”

ಭಾಗ್ಯಾ ಎದುರಿಗೇ ನಿಂತಿದ್ದಳು.

“ಅಕಿ ಬೆರಳಾಗ ಗಂಟ ಐತಿ ಮಾಳೇಶಾ. ಮಶೀನ್ಯಾಗ ನಾನ ನೋಡೇನಿ. ತಗದ್ರ ಆರಾಮ ಆಗ್ತೈತಂತ. ಆವತ್ತ ನಿನಗ ನಾ ಫೋನಿನ್ಯಾಗ ಹೇಳಿದ್ದು ಸುಳ್ಳ. ಸುಳ್ಳ ಅಂತ ಗೊತ್ತಿದ್ದ ಹೇಳಿದ್ನಿ.”

ಆ ಕಡೆ ಮಾಳೇಶ ಟ್ರ್ಯಾಕ್ಟರು ಬಂದ್ ಮಾಡಿದ್ದು ಕೇಳಿಸಿತು.

“ಗೊತ್ತಿದ್ದ ಹೇಳಿದ್ರೇನ್ರಿ?”

“ಹೌದಪಾ.”

ಭಾಗ್ಯಾ ಫೋನು ತಿರುಗಿ ತೆಗೆದುಕೊಂಡಳು. “ಅಣ್ಣಾ, ಮಿರಜಿಗೆ ನೀನೂ ಬಾ. ಆಪರೇಶನ್ ಆದ ಮ್ಯಾಲ ನಾ ಕಾಂಚನಾನ ಕರಕೊಂಡ ಕೊಕಟನೂರಿಗೆ ಬರ್ತೇನಿ. ಯಾರೂ ಕಳಸಾಕತ್ತಿಲ್ಲ. ನಾನ ಬರ್ತೇನಿ.” ಫೋನು ಇಟ್ಟು ಗಂಡನಿಗೆ ಕೊಟ್ಟಳು.

“ಎಷ್ಟ ದಿನ?” ಎಂದ ನಾಮದೇವ.

“ಉಗುರು ಪೂರಾ ಬರೂ ಮಟಾ.”

“ಐದಾರ ತಿಂಗಳ ಅಂದಾರ ಡಾಕ್ಟರು.”

“ಕೇಳೇನಿ.”

ನಾಮದೇವ ಅವ್ವನ ಮುಖ ನೋಡಿದ. ನಾಲ್ಕು ಎಮ್ಮೆ, ಎರಡು ಹೊತ್ತಿನ ಹಾಲು, ರೊಟ್ಟಿ, ನೀರು. ಅವ್ವ ಬೇಡ ಅಂದಾಳು ಎಂದು ಕಾದ. ಸಕ್ಕುಬಾಯಿ ಲೆಕ್ಕ ಹಾಕುತ್ತಲೇ ಇದ್ದಳು. ಅರವತ್ತೆರಡು ವರ್ಷದ ಕೈ ಒಂದು ಎಮ್ಮೆ ಹಿಂಡಿದರೆ ಎರಡನೆಯದಕ್ಕೆ ಸೋಲುತ್ತಿತ್ತು. ಉಳಿದ ಮೂರು ಎಮ್ಮೆ ಮಗ ಹಿಂಡಬೇಕಾಗುತ್ತದೆ. ಕಲಿಯಲಿ.

“ಹೋಗಿ ಬಾರವಾ,” ಅಂದಳು.

ಬಸ್ಸು ಬಂತು. ಈ ಸಲ ಮುಂದಿನ ಸೀಟು ನಾಮದೇವನಿಗೆ ಒಬ್ಬನಿಗೇ ಉಳಿಯಿತು. ಭಾಗ್ಯಾ ಹಿಂದೆ ಬಂದು ಅತ್ತೆಯ ಪಕ್ಕ, ಖಿಡಕಿಯ ಕಡೆ ಕೂತಳು. ಬಿಸಿಲು ಬೀಳುವ ಕಡೆ ಎಡಗೈ ಚಾಚಿ ಇಟ್ಟಳು. ಬಸ್ಸು ಸದಲಗಾ ಊರು ದಾಟಿತು.

“ಕಾಂಚನಾನ ತರಾಕ ಲಕ್ಷ್ಮಿಬಾಯಿ ಮನಿಗೆ ಹೋಗಬೇಕಲ್ಲರಿ,” ಅಂದಳು ಭಾಗ್ಯಾ, ಹೊರಗೆ ನೋಡುತ್ತಲೇ.

“ನಾ ಹೋಗ್ತೇನಿ. ಬ್ಯಾನಿ ಖರೆ ಐತಿ ಅಂತ ಅಕಿಗೂ ಹೇಳ್ತೇನಿ.”

“ನಾನೂ ಬರ್ತೇನಿ. ನೀವ ಹೇಳೂ ಮುಂದ ನಾ ಅಲ್ಲೇ ನಿಂತಿರ್ತೇನಿ.”

“ಹೂಂ, ನಿಂದ್ರು,” ಅಂದಳು ಸಕ್ಕುಬಾಯಿ.